ಮೊದಲ ಬಿಲ್ಲು ದೇವರದು

ಬೈಂದೂರು ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಬಿಟ್ಟಿಲ್ಲ. ಸುಧೀರ್ ಅವರ ದಿನಸಿ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಹೊರಗೆ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಒಳಗೆ ಸುಧೀರ್ ಹೊಸ್ತಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ದೇವರ ಪಟಕ್ಕೆ ಬೆಳಗಿ, ತಕ್ಕಡಿಗೆ ತೋರಿಸಿ, ಕೈಯಲ್ಲಿ ತಂಬಿಗೆ ಹಿಡಿದುಕೊಂಡೇ ಬಿಲ್ಲಿನ ಕಂಪ್ಯೂಟರಿನ ಹತ್ತಿರ ಬರುತ್ತಾರೆ. ಅದರ ಮುಂದೆ ಕೂತ ಹೆಂಗಸು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಎಡಗೈಯನ್ನು ಮಾತ್ರ ಕೊಡೆ ಹಿಡಿದ ಹಾಗೆ ಯಂತ್ರದ ಮೇಲೆ ಅಗಲ ಮಾಡುತ್ತಾರೆ.

“ಹ್ವಾಯ್ ಸುಧೀರಣ್ಣ, ಇತ್ಲಾಗ್ ನೀರ್ ಬ್ಯಾಡ.”

“ಗೊತ್ತಿತ್ತ್ ಮಾರಾಯ್ತಿ. ಇದ್ಕೆ ಬರೀ ಹೊಗೆ.”

“ಹೊಗೆಯೂ ದೂರದಿಂದ್ಲೇ ತೋರ್ಸಿ. ದೇವ್ರಿಗೆ ದೂರ, ಹತ್ರ ಅಂದೇಳಿ ಇಲ್ಲೆ.”

ಸುಧೀರ್ ನಗುತ್ತಾ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಬೆಳಗುತ್ತಾರೆ. ಕೊಡೆ ಹಿಡಿದ ಕೈ ಆಮೇಲೆ ಕೆಳಗಿಳಿಯುತ್ತದೆ.

ಈ ಕೈ ಜಲಜ ಮೊಗವೀರ ಅವರದು. ಮನೆ ತ್ರಾಸಿಯಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ವಯಸ್ಸು ನಲವತ್ತು ದಾಟಿದೆ. ಶಿರೂರಿನಿಂದ ಬ್ರಹ್ಮಾವರದವರೆಗೆ ಸುಮಾರು ನಲವತ್ತು ಅಂಗಡಿಗಳ ಬಿಲ್ಲಿನ ಕಂಪ್ಯೂಟರುಗಳಿಗೆ ಇವರೇ ದಿಕ್ಕು. ಅವುಗಳೊಳಗೆ ಇರುವ ದಾಸ್ತಾನು, ಮಾರಾಟ, ಗಿರಾಕಿಗಳ ವಿವರ ಎಲ್ಲವನ್ನೂ ನಕಲು ತೆಗೆದು ಬೇರೆ ಕಡೆ ಕಾಪಿಡುತ್ತಾರೆ. ಯಂತ್ರ ಕೆಟ್ಟ ದಿನ ಆ ನಕಲಿನಿಂದ ಅಂಗಡಿಯನ್ನು ಮತ್ತೆ ಮೊದಲಿನಂತೆ ಎಬ್ಬಿಸಿ ಕೂರಿಸುತ್ತಾರೆ. ಅಂಗಡಿಯವರ ಬಾಯಲ್ಲಿ ಇದು ‘ಬ್ಯಾಕಪ್’. ಸಾಮಾನು ಕೊಂಡು ಬಿಲ್ಲು ಮಡಚಿ ಹೋಗುವ ನಮಗೆ ಇಂಥದೊಂದು ಕೆಲಸ ಇದೆ ಎಂಬುದೇ ತಿಳಿದಿರುವುದಿಲ್ಲ.

ಬೆಳಗಿನ ಹೊತ್ತೇ ಏಕೆ ಎಂದು ಕೇಳಿದರೆ, ಜಲಜ ಅಂಗಡಿಯ ಬಾಗಿಲನ್ನು ತೋರಿಸುತ್ತಾರೆ. “ಬೋಣಿ ಆಪ್ಕಿಂತ ಮುಂಚೆ ಮುಗಿಸ್ಕ್. ನಕಲ್ ತೆಗಿತಾ ಇಪ್ಪ ಹೊತ್ತಿಗೆ ಒಂದ್ ಬಿಲ್ ಹೊಡಿರ್ ಅಂದ್ರೆ, ಅದ್ ಅತ್ಲಾಗೂ ಇಲ್ಲೆ, ಇತ್ಲಾಗೂ ಇಲ್ಲೆ. ಗಿರಾಕಿ ಬಂದ್ ನಿಂತ್ರೆ ಇವ್ರ್ ಕೇಂತ್ರಾ? ಕೇಣೂದಿಲ್ಲೆ.”

ಜಲಜ ಅವರ ತಾಯಿ ಬುಟ್ಟಿ ಹೊತ್ತು ಮೀನು ಮಾರಿದವರು. ಮಗಳು ಪಿಯುಸಿ ಮುಗಿಸಿ, ಕುಂದಾಪುರದಲ್ಲಿ ಕಂಪ್ಯೂಟರ್ ಕಲಿತು, ಬ್ರಹ್ಮಾವರದ ಒಂದು ದೊಡ್ಡ ಅಂಗಡಿಯ ಕೌಂಟರಿನಲ್ಲಿ ಬಿಲ್ಲು ಹೊಡೆಯಲು ಕೂತರು. ಒಂದು ಮಳೆಗಾಲ ಸಿಡಿಲು ಬಡಿದು ಆ ಅಂಗಡಿಯ ಕಂಪ್ಯೂಟರ್ ಸತ್ತಿತು. ನಕಲು ದಿನಾ ತೆಗೆಯುತ್ತಿದ್ದರು. ಆದರೆ ರಿಪೇರಿಗೆ ಬಂದವನು ತೆರೆದು ನೋಡಿದಾಗ ಒಳಗೆ ಏನೂ ಇರಲಿಲ್ಲ. ಎಷ್ಟೋ ತಿಂಗಳಿಂದ ಖಾಲಿ ಕಡತವನ್ನೇ ಶ್ರದ್ಧೆಯಿಂದ ನಕಲು ಮಾಡುತ್ತಾ ಬಂದಿದ್ದರು. ಅಂಗಡಿಯಲ್ಲಿದ್ದ ಎಲ್ಲ ಸಾಮಾನನ್ನೂ ಕೆಳಗಿಳಿಸಿ ಒಂದೊಂದಾಗಿ ಮತ್ತೆ ಬರೆಸಬೇಕಾಯಿತು. ಹಾಗೆ ಬರೆದ ಕೈಗಳಲ್ಲಿ ಜಲಜ ಅವರದೂ ಒಂದು.

“ಸೋಪಿನ್ ಪುಡಿ ಎಣ್ಸಿ ಎಣ್ಸಿ ಸೀನು ಬಂದ್ ಸತ್ತಿದ್ವಿ ಕಾಣಿ. ಅವತ್ತೇ ಅನ್ನಿಸ್ತ್, ತೆಗ್ದ್ ಇಟ್ಟದ್ದ್ ಸಾಕಾತ್ತಿಲ್ಲೆ, ತೆರ್ದ್ ಕಾಣ್ಕ್.”

ತೆರೆದು ನೋಡುವುದೇ ಇವರ ಕೆಲಸದ ಕ್ರಮವಾಯಿತು. ವಾರಕ್ಕೊಮ್ಮೆ ಪ್ರತಿ ಅಂಗಡಿಯ ನಕಲನ್ನು ತ್ರಾಸಿಯ ಮನೆಗೆ ಒಯ್ದು, ಅಲ್ಲಿರುವ ತಮ್ಮ ಹಳೆಯ ಕಂಪ್ಯೂಟರಿಗೆ ಇಳಿಸಿ, ಅಂಗಡಿ ಜೀವಂತ ಎದ್ದು ಬರುತ್ತದೆಯೇ ಎಂದು ನೋಡುತ್ತಾರೆ. ಹೇಗೆ ನೋಡುತ್ತಾರೆ ಎಂಬುದು ಕೇಳುವಂಥದ್ದು.

ನಮ್ಮ ಕಡೆ ಹೊಸ ಅಂಗಡಿಯಲ್ಲಿ ಬಿಲ್ಲಿನ ಯಂತ್ರ ಇಟ್ಟ ದಿನ ಮೊದಲ ಬಿಲ್ಲನ್ನು ಮನುಷ್ಯರ ಹೆಸರಿಗೆ ಹೊಡೆಯುವುದು ಕಡಿಮೆ. ಗಿರಾಕಿಯ ಹೆಸರು ಇರುವ ಜಾಗದಲ್ಲಿ ದೇವರ ಹೆಸರು ಬರೆದು, ಅಂಗಡಿಯಲ್ಲಿರುವ ಒಂದು ಸಾಮಾನನ್ನು ಆ ದೇವರಿಗೆ ಮಾರಿದಂತೆ ಬಿಲ್ಲು ತೆಗೆಯುತ್ತಾರೆ. ಸುಧೀರ್ ಅಂಗಡಿಯಲ್ಲಿ ಅದು ಗಣಪತಿಗೆ ಒಂದು ಅಚ್ಚು ಬೆಲ್ಲ. ಶಿರೂರಿನ ಬಟ್ಟೆ ಅಂಗಡಿಯಲ್ಲಿ ದೇವಿಗೆ ಒಂದು ರವಿಕೆ ಕಣ. ಚಪ್ಪಲಿ ಅಂಗಡಿಯವರೊಬ್ಬರು ಏನು ಮಾರುವುದೆಂದು ತಿಳಿಯದೆ ಕಕ್ಕಾಬಿಕ್ಕಿಯಾಗಿ, ಕೊನೆಗೆ ಒಂದು ಖಾಲಿ ಚೀಲವನ್ನು ಮಂಜುನಾಥ ಸ್ವಾಮಿಗೆ ಬರೆದರಂತೆ. ಹೀಗೆ ಪ್ರತಿ ಯಂತ್ರದ ತಳದಲ್ಲೂ ಒಬ್ಬ ದೇವರು ಕೂತಿದ್ದಾನೆ.

ಜಲಜ ಮೊದಲು ಹುಡುಕುವುದು ಈ ಬಿಲ್ಲನ್ನು. ಅದು ಸಿಕ್ಕರೆ ಕೈ ಮುಗಿದು, ಕೊನೆಯ ಬಿಲ್ಲನ್ನು ಹುಡುಕುತ್ತಾರೆ. ಅದು ಯಾರೋ ಒಬ್ಬ ಗಿರಾಕಿಯದು.

“ದೇವ್ರ್ ಬಂದ್ರ್ ಅಂದೇಳಿ ನಾನ್ ಎದ್ದ್ ಹೋಪುದಿಲ್ಲೆ. ಕಡೀಗ್ ಬಂದ ಮನ್ಶನೂ ಸಿಗ್ಕ್. ಇಬ್ರೂ ಸಿಕ್ಕಿರೆ ನಡೂಗಿದ್ದವ್ರೆಲ್ಲ ಇದ್ರ್ ಅಂದೇಳಿ ಧೈರ್ಯ. ಆದ್ರೂ ನಡೂಗೆ ನಾಕ್ ಕಡೆ ಕೈ ಹಾಕಿ ಕಾಣ್ತೆ.”

ಕಷ್ಟಗಳಿಗೆ ಕೊರತೆಯಿಲ್ಲ. ಕಡಲ ಬದಿಯ ಉಪ್ಪುಗಾಳಿಗೆ ಯಂತ್ರದ ತಂತಿಗಳೇ ತುಕ್ಕು ಹಿಡಿಯುತ್ತವೆ. ಮಳೆಗಾಲ ಬಂದರೆ ಬೆಚ್ಚಗಿನ ಜಾಗ ಹುಡುಕಿ ಇರುವೆಗಳು ಒಳಗೆ ಸಂಸಾರ ಹೂಡುತ್ತವೆ. ಇಂಟರ್‌ನೆಟ್ಟಿನ ಮೂಲಕ ದೂರದ ಊರಲ್ಲಿ ನಕಲು ಇಡುವ ಏರ್ಪಾಡು ಕೆಲವು ಅಂಗಡಿಗಳಲ್ಲಿದೆ. ಆದರೆ ಗುಡುಗಿದ ಕೂಡಲೇ ನೆಟ್ ಹೋಗುವ ಒಳನಾಡಿನ ಊರುಗಳಲ್ಲಿ ಜಲಜ ಅವರ ಸ್ಕೂಟರೇ ಹೆಚ್ಚು ನಂಬಿಕೆಯದು. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವ ಗಂಡ ಚಂದು ಅವರಿಗೆ ಇದೆಲ್ಲ ತಮಾಷೆ. “ನಾನ್ ಕಡ್ಲಿಗ್ ಹೋರೆ ಮೀನಾರೂ ತತ್ತೆ. ಇವ್ಳ್ ಊರೆಲ್ಲ ತಿರ್ಗಿ ಬಂದ್ರೂ ಕೈಯಲ್ಲ್ ಎಂತ ಇಲ್ಲೆ. ಎಲ್ಲ ಆ ಕಡ್ಡಿಯೊಳ್ಗೆ ಇತ್ತ್ ಅಂಬ್ರ್!” ಎನ್ನುತ್ತಾರೆ. ಆ ಕಡ್ಡಿ ಎಂದರೆ ಬೆರಳುದ್ದದ ಪೆನ್‌ಡ್ರೈವ್.

ವಂಡ್ಸೆಯ ಒಂದು ಔಷಧಿ ಅಂಗಡಿಯಲ್ಲಿ ಅಂಥದೇ ಒಂದು ಪೆನ್‌ಡ್ರೈವಿನ ಮೇಲೆ ಒಂದು ಮಗುವಿನ ರಾತ್ರಿ ನಿಂತಿತ್ತು. ಹೊಸ್ತಿಲಿಗೆ ನೀರು ಚಿಮುಕಿಸುವವರನ್ನು ಕಂಡಾಗ ಜಲಜ ಅವರ ಕೈ ತಾನಾಗಿ ಏಳುವುದಕ್ಕೆ ಕಾರಣ ಆ ದಿನ.

ಅಂಗಡಿ ರತೀಶ್ ಶೆಟ್ಟಿ ಅವರದು. ಅಲ್ಲಿ ಜಲಜ ವಾರಕ್ಕೊಮ್ಮೆ ನಕಲು ಒಯ್ಯುತ್ತಾರೆ, ನಡುವಿನ ದಿನಗಳ ನಕಲನ್ನು ರತೀಶ್ ಸಂಜೆ ಸಂಜೆ ಪೆನ್‌ಡ್ರೈವಿಗೆ ಇಳಿಸಿಡುತ್ತಾರೆ. ಅದು ಗಲ್ಲಾದ ಬದಿಯ ಡಬ್ಬಿಯಲ್ಲಿರುತ್ತದೆ. ಒಮ್ಮೆ ರತೀಶರ ತಾಯಿ ರತ್ನಮ್ಮ ಅದೇನೆಂದು ಕೇಳಿದ್ದಾಗ ಜಲಜ, “ಅಂಗ್ಡಿಯ ಜೀವ ಇದ್ರೊಳ್ಗೇ ಇಪ್ಪುದ್ ಅಮ್ಮ” ಎಂದಿದ್ದರು. ರತ್ನಮ್ಮ ಆ ಮಾತನ್ನು ಮರೆಯಲಿಲ್ಲ.

ಆಯುಧ ಪೂಜೆ ಬಂತು. ಕತ್ತರಿ, ತಕ್ಕಡಿ, ಸ್ಕೂಟರಿನ ಬೀಗದ ಕೈ ಎಲ್ಲಕ್ಕೂ ರತ್ನಮ್ಮ ಗಂಧ ಹಚ್ಚಿದರು. ಅಂಗಡಿಯ ಜೀವವನ್ನು ಬಿಡುವುದುಂಟೇ? ಪೆನ್‌ಡ್ರೈವನ್ನು ಹರಿವಾಣದಲ್ಲಿ, ದೀಪದ ಬುಡದಲ್ಲೇ ಇಟ್ಟು, ಕುಂಕುಮ ಕಲಸಿ ಹಚ್ಚಿ, ತೀರ್ಥ ಬಿಟ್ಟರು. ದೀಪದ ಎಣ್ಣೆಯೂ ತುಳುಕಿತು. ಕಂಪ್ಯೂಟರಿಗೂ ಉದ್ಧರಣೆಯಿಂದ ತೀರ್ಥ ಬಿತ್ತು. ಗಾಳಿ ಆಡುವ ಕಿಂಡಿಯಲ್ಲಿ ಅದು ಒಳಗಿಳಿಯಿತು. ಮರುದಿನ ವಿಜಯದಶಮಿ, ಒಳ್ಳೆಯ ಮುಹೂರ್ತವೆಂದು ರತೀಶ್ ಸ್ವಿಚ್ ಒತ್ತಿದರು. ಒಂದು ಸಣ್ಣ ಚಟ್ ಸದ್ದು, ಸುಟ್ಟ ವಾಸನೆ. ಅಷ್ಟೇ.

ಅದೇ ಬೆಳಿಗ್ಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿಯುವ ಸೌಮ್ಯಶ್ರೀ ಅಂಗಡಿಗೆ ಬಂದರು. ಎಂಟು ವರ್ಷದ ಮಗಳು ದಿವ್ಯಾಗೆ ಅಪಸ್ಮಾರ. ಹಳೆಯ ಮಾತ್ರೆ ಸಾಲದೆ ಮತ್ತೆ ಫಿಟ್ಸ್ ಬಂದದ್ದರಿಂದ ಆ ವಾರವಷ್ಟೇ ಡಾಕ್ಟರು ಮಾತ್ರೆಯನ್ನೂ ಅಳತೆಯನ್ನೂ ಬದಲಿಸಿದ್ದರು. ಕೊಂಡಿದ್ದ ನಾಲ್ಕು ದಿನದ ಮಾತ್ರೆ ಮುಗಿದಿತ್ತು, ರಾತ್ರಿಯದು ಬೇಕಿತ್ತು. ಡಾಕ್ಟರ ಚೀಟಿಯೂ ಮಾತ್ರೆಯ ಖಾಲಿ ಪಟ್ಟಿಯೂ ಹಬ್ಬದ ಗುಡಿಸಾಟದಲ್ಲಿ ಕಸದ ಜೊತೆ ಬೆಂಕಿಗೆ ಹೋಗಿದ್ದವು. ಅಂಗಡಿಯ ಕಂಪ್ಯೂಟರಿನಲ್ಲಿ ಹೇಗೂ ಇರುತ್ತದಲ್ಲ ಎಂಬ ಧೈರ್ಯ. ಡಾಕ್ಟರು ರಜೆಯ ಮೇಲೆ ದೂರದ ಊರಿಗೆ ಹೋಗಿದ್ದರು, ಫೋನಿಗೆ ಸಿಗಲಿಲ್ಲ. ಮಾತ್ರೆಯ ಹೆಸರು ರತೀಶರಿಗೆ ಅಂದಾಜಿತ್ತು, ಅಳತೆ ನೆನಪಿರಲಿಲ್ಲ. ಅಂದಾಜಿನ ಮೇಲೆ ಮಗುವಿಗೆ ಮಾತ್ರೆ ಕೊಡಲು ಅವರು ಒಪ್ಪಲಿಲ್ಲ.

ರತೀಶರ ಫೋನು ಹೋಗಿ ಜಲಜ ಸ್ಕೂಟರಿನಲ್ಲಿ ಬಂದಿಳಿದಾಗ ಕೈಯಲ್ಲಿ ತಮ್ಮ ಮನೆಯ ನಕಲು, ಬಗಲಲ್ಲಿ ಲ್ಯಾಪ್‌ಟಾಪು. ತೆರೆದರು. ದೇವರ ಬಿಲ್ಲು ಬಂತು: ಮೂಕಾಂಬಿಕೆಗೆ ಒಂದು ಹತ್ತಿಯ ಸುರುಳಿ. ಆದರೆ ಕೊನೆಯ ಬಿಲ್ಲು ಹಿಂದಿನ ವಾರದ್ದು. ಡಾಕ್ಟರು ಮಾತ್ರೆ ಬದಲಿಸಿದ್ದು ಅದರ ಆಮೇಲೆ. ಇನ್ನು ಉಳಿದದ್ದು ಹರಿವಾಣದಲ್ಲಿದ್ದ ಪೆನ್‌ಡ್ರೈವ್ ಒಂದೇ. ಅದರ ಬಾಯಿಯಲ್ಲಿ ಕುಂಕುಮ ಗಟ್ಟಿಯಾಗಿತ್ತು, ಮೈಯೆಲ್ಲ ಎಣ್ಣೆ.

“ದೇವ್ರ ತೀರ್ಥ ಬಿದ್ರೆ ಹಾಳಾಪ್ದ್ ಎಂತಾ ಮಿಶಿನ್ ಮಾರಾಯ್ತಿ?” ಎಂದು ರತ್ನಮ್ಮ ಗದರಿದರು. ಗದರುವಾಗಲೇ ಅವರ ಕಣ್ಣು ಬೆಂಚಿನ ಮೇಲೆ ಕೂತ ಸೌಮ್ಯಶ್ರೀಯ ಕಡೆಗಿತ್ತು. ಸ್ವರ ಕುಗ್ಗಿತು. “ನೀನೇ ಹೇಳಿದ್ದಲ್ದಾ ಹೆಣ್ಣೇ, ಜೀವ ಇತ್ತ್ ಅಂದೇಳಿ?”

“ಹೌದಮ್ಮ, ನಾನೇ ಹೇಳಿದ್ದ್. ಜೀವಕ್ಕೆ ನೀರ್ ಆತ್ತಿಲ್ಲೆ ಅಂದೇಳಿ ಹೇಳ್ಕಿತ್ತ್, ಹೇಳ್ಲಿಲ್ಲೆ.”

ರತೀಶ್ ಒಮ್ಮೆ ಲ್ಯಾಪ್‌ಟಾಪಿಗೆ ಚುಚ್ಚಿ ನೋಡುವ ಎಂದರು. ಜಲಜ ಬಿಡಲಿಲ್ಲ. “ಒದ್ದೆ ಇಪ್ಪ ಹೊತ್ತಿಗೆ ಕರೆಂಟ್ ತಾಗಿರೆ ಇದ್ದದ್ದೂ ಹೋತ್ತ್. ನಿಮ್ಮಲ್ಲ್ ಸ್ಪಿರಿಟ್ ಇತ್ತಲ್ದಾ? ಒಂಚೂರ್ ಹತ್ತಿಯೂ ಕೊಡಿ.”

ಪ್ಲಾಸ್ಟಿಕ್ಕಿನ ಕವಚ ಬಿಡಿಸಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವಷ್ಟು ಹಗುರವಾಗಿ ಒರೆಸಿದರು. ಕೆಂಪು ಬಣ್ಣ ಇಳಿಯುತ್ತಾ ಇಳಿಯುತ್ತಾ ಹತ್ತಿ ಬೆಳ್ಳಗೆ ಬರತೊಡಗಿದ ಮೇಲೆ, ಅಂಗಡಿಯ ಮೆಟ್ಟಿಲಿನ ಬಿಸಿಲಿನಲ್ಲಿ ಕಾಗದದ ಮೇಲೆ ಇಟ್ಟು ಕಾದರು. ಆ ಕಾಯುವಿಕೆ ಎಲ್ಲರಿಗೂ ಕಷ್ಟವಾಯಿತು. ಸೌಮ್ಯಶ್ರೀ ತಮ್ಮ ಊರಿನ ಬಸ್ಸುಗಳನ್ನು ಒಂದೊಂದಾಗಿ ಹೋಗಲು ಬಿಟ್ಟರು. ರತ್ನಮ್ಮ ಬಾಯೊಳಗೇ ಏನೋ ಸ್ತೋತ್ರ ಹೇಳುತ್ತಾ, ಪೆನ್‌ಡ್ರೈವಿನ ಹತ್ತಿರ ಬಂದ ಕೋಳಿಯನ್ನು ಓಡಿಸಿದರು.

ಬಿಸಿಲು ಮೆಟ್ಟಿಲಿನಿಂದ ಜಾರುವ ಹೊತ್ತಿಗೆ ಜಲಜ ಅದನ್ನು ಕೆನ್ನೆಗೆ ಒತ್ತಿ ತೇವ ನೋಡಿ, ಲ್ಯಾಪ್‌ಟಾಪಿಗೆ ಹಾಕಿದರು. ಮೊದಲ ಸಲ ಬರಲಿಲ್ಲ. ತೆಗೆದು, ಮತ್ತೆ ಒರೆಸಿ, ಮತ್ತೆ ಹಾಕಿದರು. ಪರದೆಯ ಮೇಲೆ ಕಡತದ ಹೆಸರು ಕಂಡಿತು. ಕೂಡಲೇ ಅದನ್ನು ಇಳಿಸಿಕೊಂಡು, ತೆರೆದು, ಮೊದಲ ಬಿಲ್ಲು ಹುಡುಕಿದರು. ಮೂಕಾಂಬಿಕೆ ಇದ್ದಳು. ಕೊನೆಯ ಬಿಲ್ಲು ಹುಡುಕಿದರು. ಪೂಜೆಯ ಹಿಂದಿನ ಸಂಜೆ ಯಾರೋ ಕೊಂಡ ನೋವಿನ ಎಣ್ಣೆ. ಆಮೇಲೆ ಸೌಮ್ಯಶ್ರೀಯ ಫೋನ್ ನಂಬರ್ ಹೊಡೆದು, ಲ್ಯಾಪ್‌ಟಾಪನ್ನು ರತೀಶರ ಕಡೆ ತಿರುಗಿಸಿದರು.

ರತೀಶ್ ಓದಿದರು, ಕಪಾಟಿನಿಂದ ಪಟ್ಟಿ ತೆಗೆದರು, ಇನ್ನೊಮ್ಮೆ ಪರದೆ ನೋಡಿ ಕೊಟ್ಟರು. ಸೌಮ್ಯಶ್ರೀ ಅದನ್ನು ಕಣ್ಣಿಗೊತ್ತಿಕೊಂಡರು. “ನಿಮ್ಮಿಂದ ಮಗು ಉಳೀತ್ ರತೀಶಣ್ಣ” ಎಂದು ಓಡಿ ಬಸ್ಸು ಹಿಡಿದರು. ಆಗ ಜಲಜ ಮೇಜಿನ ಕೆಳಗೆ ಕೂತು ಸುಟ್ಟ ಕಂಪ್ಯೂಟರಿನ ತಂತಿ ಬಿಡಿಸುತ್ತಿದ್ದರು. ಬೇಸರ ಆಗಲಿಲ್ಲವೇ ಎಂದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. “ಅವ್ಳಿಗೆ ಬಸ್ ಸಿಕ್ಕಿತಲ್ದಾ?” ಎನ್ನುತ್ತಾರೆ.

ದಿವ್ಯಾ ಈಗ ಶಾಲೆಗೆ ಹೋಗುತ್ತಿದ್ದಾಳೆ. ಎಣ್ಣೆ ಕುಡಿದ ಆ ಪೆನ್‌ಡ್ರೈವನ್ನು ಜಲಜ ಮತ್ತೆ ಬಳಸಲಿಲ್ಲ. ಮುಂದಿನ ವರ್ಷದ ಪೂಜೆಗೆ ಅದನ್ನೇ ರತ್ನಮ್ಮನಿಗೆ ಕೊಟ್ಟು, “ಇದ್ಕೆ ಎಂತ ಬೇಕಾರೂ ಹಚ್ಚಿ, ಒಳ್ಳೇದ್ ನನ್ ಚೀಲದಲ್ಲಿರ್ಲಿ” ಎಂದರು. ರತ್ನಮ್ಮ ಒಪ್ಪಲಿಲ್ಲ. “ಹಾಳಾದ್ದನ್ ದೇವ್ರಿಗ್ ಇಡುದಾ? ಹಾಂಗೆ ಎಲ್ಲಿಯಾರೂ ಇತ್ತಾ? ಇಡೂದಾರೆ ಒಳ್ಳೇದನ್ನೇ ಇಡ್ಕ್.”

ಆ ಮಾತಿಗೆ ಜಲಜ ತಲೆಬಾಗಿದರು. ಅಂದಿನಿಂದ ಒಂದು ಹೊಸ ಪದ್ಧತಿ ನಡೆದು ಬಂದಿದೆ. ಆಯುಧ ಪೂಜೆಯ ದಿನ ಜಲಜ ಸ್ವತಃ ಅಂಗಡಿಗೆ ಹೋಗಿ, ಒಳ್ಳೆಯ ನಕಲನ್ನು ಅಂಗೈಯಲ್ಲಿ ಹಿಡಿದು ನಿಲ್ಲುತ್ತಾರೆ. ರತ್ನಮ್ಮ ಅದರ ಮೇಲೆ ಒಣ ಅಕ್ಷತೆಯ ನಾಲ್ಕು ಕಾಳು, ಸೇವಂತಿಗೆಯ ಒಂದು ಎಸಳು ಇಟ್ಟು, ಮಾರು ದೂರದಿಂದ ಆರತಿ ತೋರಿಸುತ್ತಾರೆ. ಜಲಜ ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುತ್ತಾರೆ. ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗಿ, ಈಗ ಎಲ್ಲ ಅಂಗಡಿಯವರಿಗೂ ಹಾಗೆಯೇ ಆಗಬೇಕು. “ನಮ್ದಕ್ಕೂ ಒಂದ್ ಹೂ ಇಡುವ, ಬನ್ನಿ” ಎಂದು ಫೋನು ಬರುತ್ತಲೇ ಇರುತ್ತದೆ. ಆ ದಿನ ಸ್ಕೂಟರಿಗೆ ಹಾಕಿದ ಮಾಲೆ ಮನೆ ಮುಟ್ಟುವಾಗ ಗಾಳಿಗೆ ಬರಿಯ ದಾರವಾಗಿರುತ್ತದೆ.

ಚಂದು ತಮ್ಮ ಬೋಟಿನ ಪೂಜೆ ಮುಗಿಸಿ ಬಂದು ಉಂಡು ಮಲಗಿರುತ್ತಾರೆ. ಎಲ್ಲ ಅಂಗಡಿಗಳ ನಕಲು ಹೊತ್ತ ಹಳೆಯ ಕಂಪ್ಯೂಟರು ಮಾತ್ರ ಮೂಲೆಯಲ್ಲಿ ಹಾಗೆಯೇ ಇರುತ್ತದೆ. ಅದಕ್ಕೆ ಹೂವು ಏರುವುದು ಮರುದಿನ.

ನಿಮಗೆ ಏನು ಆಸೆ ಎಂದು ಕೇಳಿದಾಗ ಜಲಜ ಮೊದಲು ಪೆನ್‌ಡ್ರೈವನ್ನು ಯಂತ್ರದಿಂದ ತೆಗೆದು ಚೀಲಕ್ಕೆ ಹಾಕುತ್ತಾರೆ. ಬೈಂದೂರಿನ ಅಂಗಡಿಯಲ್ಲಿ ಈಗ ಶಟರ್ ಪೂರ್ತಿ ಮೇಲೆದ್ದಿದೆ, ಮೊದಲ ಗಿರಾಕಿ ಬಂದು ನಿಂತಿದ್ದಾನೆ. ಜಲಜ ಎದ್ದು ಕುರ್ಚಿ ಬಿಟ್ಟುಕೊಟ್ಟು, ಚೀಲ ಹೆಗಲಿಗೇರಿಸುತ್ತಾರೆ.

“ಒಂದ್ ವರ್ಷ ಆಯುಧ ಪೂಜೆ ದಿನ ಮನೆಯಲ್ಲೇ ಇರ್ಕ್ ಕಾಣಿ. ನನ್ ಕಂಪ್ಯೂಟ್ರಿಗೂ ಅದೇ ದಿನ ಒಂದ್ ಹೂ ಇಡ್ಕ್. ನಲ್ವತ್ ಅಂಗ್ಡಿ ದೇವ್ರೂ ಅದ್ರೊಳ್ಗೇ ಇದ್ರಲ್ದಾ?”