ತೋರಣದ ಹಿಂದಿನ ಬಿರುಕು

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕುಣಿಗಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ನೀತಿಪಾಠದ ಪೀರಿಯಡ್ಡು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಮನುಷ್ಯರಿಗೆ ಕಷ್ಟ ಯಾಕೆ ಬರುತ್ತದೆ ಎಂದು ನಿಮಗೆ ಪರಿಚಯವಿರುವ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೆ.

ಒಬ್ಬಳ ತಾತ ಹಿಂದಿನ ಜನ್ಮದ ಪಾಪ ಎಂದಿದ್ದರು. ಇನ್ನೊಬ್ಬಳ ಪಕ್ಕದ ಮನೆಯಲ್ಲಿ ಕುದುರೆ ಫಾರಂನ ಸಾಹೇಬರಿದ್ದರು. "ಸಾಕಿದ ಕುದುರೆ ಮರಿ ಸತ್ತಾಗ ನಮಾಜ್ ಮಾಡ್ತೀನಮ್ಮ, ಮನಸ್ಸು ತಣ್ಣಗಾಗ್ತದೆ. ಯಾಕೆ ಅಂತ ಕೇಳಕ್ಕೋಗಲ್ಲ" ಎಂದಿದ್ದರಂತೆ. ತುಮಕೂರಿನಲ್ಲಿ ಫಿಟರ್ ಆಗಿದ್ದ ಮಾವನ ಉತ್ತರವನ್ನು ಮತ್ತೊಬ್ಬಳು ಅವನದೇ ದನಿಯಲ್ಲಿ ಓದಿದಳು: "ಮೆಷಿನ್ ಕೈ ಕಚ್ಚಿದ್ರೆ ಮೆಷಿನ್ ನೋಡ್ಬೇಕು. ದೇವ್ರನ್ನ ಯಾಕೆ ಎಳೀತೀರ?"

ತರಗತಿ ನಕ್ಕಿತು. ಒಬ್ಬಳು ಮಾತ್ರ ನಗು ಮುಗಿದರೂ ಪಿಸುಗುಡುತ್ತಲೇ ಇದ್ದಳು. ಮಾತಾಡಿದವರು ಕಿಟಕಿ ಪಕ್ಕದ ಬೆಂಚಿಗೆ ಹೋಗಬೇಕು ಎಂಬುದು ನನ್ನ ನಿಯಮ. ಬೆರಳು ತೋರಿಸಿದೆ. ಅವಳು ಹೋಗಿ ಕೂತು ಎರಡು ನಿಮಿಷವಾಗಿರಲಿಲ್ಲ. ಮೇಲಿನ ತೊಲೆಯ ಒಂದು ತುದಿ ಲಟಕ್ಕೆಂದು ಮುರಿದು, ಹೆಂಚುಗಳ ಸಮೇತ ಕೆಳಗೆ ಬಂತು.

ಅವಳ ಕಾಲು ಮುರಿಯಿತು. ಉಳಿದವರಿಗೆ ಧೂಳು ಮೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆ ತೊಲೆ ಒಂದು ಮೊಳ ಈಚೆಗೆ ಬಿದ್ದಿದ್ದರೆ ಎಂಬ ಲೆಕ್ಕವನ್ನು ಇವತ್ತಿಗೂ ಹಾಕುತ್ತೇನೆ. ಆಗಂತೂ ರಾತ್ರಿ ಬೆಕ್ಕು ಹೆಂಚಿನ ಮೇಲೆ ನಡೆದರೂ ಬೆಚ್ಚಿ ಎದ್ದು ಕೂರುತ್ತಿದ್ದೆ.

ವಾರ ಕಳೆದು ಅವಳ ಮನೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು, ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಮಾತಾಡಿದ್ದು ಅಜ್ಜಿ.

"ನಿಮ್ದೇನ್ ತಪ್ಪಿಲ್ಲ ಬುಡಿ ಮೇಷ್ಟ್ರಮ್ಮ. ದಸರಾ ಪೂಜೇಲಿ ಆ ತೊಲೆಗೆ ತೋರಣ ಕಟ್ದೋಳು ಇವ್ಳೇ. ಆವತ್ತು ಮುಟ್ಟಾಗಿದ್ಲಂತೆ, ಬಾಯೇ ಬುಡ್ನಿಲ್ಲ. ಸಾರದಮ್ಮ ಸುಮ್ಕಿರ್ತಾಳಾ? ಇನ್ ಇಸ್ಕೂಲು ಸಾಕು."

ಹುಡುಗಿಯ ಭುಜ ಅಲುಗಿತು. ಅವಳು ಅದನ್ನು ನಂಬಿದ್ದಳು. ಈಗ ನಾನು ಸುಮ್ಮನಿದ್ದರೆ ಓದೂ ನಿಲ್ಲುತ್ತದೆ, ಈ ನಂಬಿಕೆಯೂ ಅವಳ ಜೊತೆ ಉಳಿಯುತ್ತದೆ. ನಿಜ ನನಗೊಬ್ಬಳಿಗೇ ಗೊತ್ತಿತ್ತು.

"ಅಜ್ಜಿ, ಅಲ್ಲೇ ಕಟ್ಟು ಅಂದೋಳು ನಾನು," ಎಂದೆ. "ತೊಲೇಲಿ ಬಿರುಕಿತ್ತು. ಪೂಜೆಗೆ ದೊಡ್ಡೋರು ಬರ್ತಾರೆ, ಕಾಣಬಾರ್ದು ಅಂತ ತೋರಣ ಕಟ್ಟಿಸ್ದೆ."

ಪೂಜೆಯ ತೋರಣವನ್ನು ಮುಂದಿನ ಹಬ್ಬದವರೆಗೆ ಯಾರೂ ಬಿಚ್ಚುವುದಿಲ್ಲ. ನಾನೂ ಬಿಚ್ಚಲಿಲ್ಲ. ಒಣಗಿದ ಮಾವಿನೆಲೆಯ ಹಿಂದೆ ಬಿರುಕು ಅಗಲವಾಗುತ್ತಾ ಹೋಯಿತು. ದಿನಾ ಬೆಂಚಿನ ಮೇಲೆ ಬೀಳುತ್ತಿದ್ದ ಹಳದಿ ಪುಡಿಯನ್ನು ರಸ್ತೆಯ ಧೂಳೆಂದುಕೊಂಡು ಹುಡುಗಿಯರ ಕೈಲಿ ಒರೆಸಿಸುತ್ತಿದ್ದೆ. ಅದನ್ನೂ ಹೇಳಿದೆ.

ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅಷ್ಟು ಓದಿದ್ರೂ ನಿಮ್ಗೆ ಬುದ್ಧಿ ಬರ್ನಿಲ್ಲ ಅನ್ನಿ."

"ಬರ್ಲಿಲ್ಲ ಅಜ್ಜಿ."

ಗೋಡೆ ಕಡೆಯಿಂದ ಸಣ್ಣ ನಗು ಕೇಳಿತು. "ನಗ್ಬೇಡ ಕಣೇ," ಎಂದು ಗದರಿ ಅಜ್ಜಿ ನನ್ನ ಕಡೆ ತಿರುಗಿದರು. "ಆದ್ರೂ ಒಂದು ಹಣ್ಣುಕಾಯಿ ಮಾಡುಸ್ತೀನಿ."

"ಮಾಡಿಸಿ, ನಾನೂ ಬರ್ತೀನಿ. ಇವಳನ್ನ ಕಳ್ಸಿ."

"ಆ ಬೆಂಚ್ ಮ್ಯಾಲೆ ಮಾತ್ರ ಕೂರುಸ್ಬ್ಯಾಡಿ."

ಹೊಸ ತೊಲೆ ಹಾಕಲು ಬಂದ ಬಡಗಿ ಆಚಾರ್ರನ್ನು ಮುಂದಿನ ನೀತಿಪಾಠಕ್ಕೆ ಕರೆದೆ. ಅವರು ಮುರಿದ ತುಂಡನ್ನು ಮೇಜಿಗೆ ಕುಟ್ಟಿದರು. ಹಿಟ್ಟಿನಂತೆ ಪುಡಿ ಸುರಿಯಿತು. "ಹುಳ ಬಿದ್ದು ವರ್ಷಗಳಾಗವೆ. ಯಾರು ತೋರಣ ಕಟ್ಟಿದ್ರೂ, ಕಟ್ದೇ ಇದ್ರೂ ಇದು ಬೀಳೋದೇ," ಎಂದರು. ಬಿರುಕು ಮುಚ್ಚಿಸಿದ್ದು ನಾನು ಎಂದು ತರಗತಿಗೂ ಹೇಳಿದೆ.

ಮುಂದಿನ ಸಾಲಿನವಳೊಬ್ಬಳು ಎದ್ದಳು. "ಹುಳಾನ ಮಾಡ್ದೋರು ಯಾರು ಮಿಸ್?"

"ಅದಕ್ಕೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಂಗೊತ್ತಿಲ್ಲ. ಪುಡಿ ಬಿದ್ದಾಗ ತಲೆ ಎತ್ತಿ ನೋಡ್ಬೇಕು ಅನ್ನೋದು ಗೊತ್ತಾಯ್ತು."

ತಾತ, ಸಾಹೇಬರು, ಫಿಟರ್ ಮಾವ ಮೂವರ ಉತ್ತರವನ್ನೂ ಆವತ್ತು ಬೋರ್ಡಿನ ಮೇಲೆ ಬರೆಸಿದೆ. ಯಾವುದನ್ನೂ ಅಳಿಸಲಿಲ್ಲ, ಆದರೆ ಒಂದನ್ನೂ ಆ ಹುಡುಗಿಯ ತಲೆಗೆ ಕಟ್ಟಲು ಬಿಡಲಿಲ್ಲ.

ಒಂದು ಸೋಮವಾರ ಅವಳು ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ಬಂದಳು. ಮೊದಲ ಬೆಂಚಿನಲ್ಲಿ ಕೂತು, ಐದೇ ನಿಮಿಷಕ್ಕೆ ಪಕ್ಕದವಳ ಜೊತೆ ಪಿಸುಗುಟ್ಟಲು ಶುರು ಮಾಡಿದಳು. ನಾನು ಬೆರಳೆತ್ತಲಿಲ್ಲ. ಆವತ್ತು ರಾತ್ರಿ ಮಲಗಿದ ನನಗೆ ಎಚ್ಚರವಾದದ್ದು ಮಂಗಳವಾರ ಬೆಳಿಗ್ಗೆ, ಹಾಲಿನವನ ಬೆಲ್ಲು ಕೇಳಿ.