ಗೋಡೆಯ ಮೇಲಿನ ಅಗಲವಾದ ಕೈ

ಗೆಳತಿಯರೇ, ಇವತ್ತು ನಾನು ಅತ್ತೆಯ ಗೋಡೆಗೆ ತೂತು ಹೊಡೆದೆ! ನಮ್ಮ ಮದುವೆಯ ಫೋಟೋಗೆಂದು ಒಂದೇ ಒಂದು ಮೊಳೆ ಬಡಿದೆ. ತೆಂಗಿನಕಾಯಿಯಷ್ಟು ಮಣ್ಣು ಕಳಚಿ ಬಿತ್ತು. ಜಗಳೂರಿಗೆ ಹೋಗಿದ್ದ ಅತ್ತೆ ಸಂಜೆಯ ಬಸ್ಸಿಗೆ ಬರುವವರು. ಆ ಗೋಡೆಯನ್ನು ಅವರು ಯಾರಿಗೂ ಮುಟ್ಟಗೊಡುವುದಿಲ್ಲ. ಅದರ ತುಂಬ ಅವರೇ ಅಂಗೈಯಲ್ಲಿ ಸಾರಿಸಿದ ಅರ್ಧಚಂದ್ರದಂಥ ಗೆರೆಗಳು.

ಮಣ್ಣು, ಹೊಟ್ಟು, ಸಗಣಿ ಕಲಸಿ ತೂತು ಮುಚ್ಚಿದೆ. ಗೆರೆ ಮಾತ್ರ ಬೆಕ್ಕು ಕೆರೆದಂತಾಯಿತು.

"ಸರಿ ಆ ಕಡೆ. ಅವ್ವ ಮಾಡೋದು ನೋಡಿ ನೋಡಿ ನಂಗೂ ಬರ್ತೈತೆ," ಎಂದು ನನ್ನವರು ಅಂಗಿಯ ತೋಳು ಮಡಚಿದರು. ಆಹಾ, ಎಂಥ ಗೆರೆಗಳು! ನನಗೆ ಅವರ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ದಿನವೂ ಕೆಟ್ಟು ನಿಲ್ಲುವ, ಇದ್ದಿಲು ಉರಿಸಿ ಓಡುವ ಬಸ್ಸು ಇವತ್ತೇ ಹೊತ್ತಿಗೆ ಸರಿಯಾಗಿ ಬಂತು. ಅತ್ತೆ ಗೋಡೆ ನೋಡಿದರು. ಹೊಸ ಗೆರೆಯ ಮೇಲೆ ತಮ್ಮ ಅಂಗೈ ಇಟ್ಟರು. ಗೆರೆ ಅದಕ್ಕಿಂತ ಎರಡು ಬೆರಳು ಅಗಲ.

"ಏನವ್ವಾ, ನನ್ ಮಗನ ಕೈಗೆ ಸಗಣಿ ಹಿಡಿಸಿದ್ಯಾ?"

ನಾನು ಸಗಣಿ ಮೆತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಮಗನ ಕಡೆ ತಿರುಗಿದರು.

"ಇಷ್ಟು ಚಂದ ಮಾಡಾಕೆ ಬರ್ತೈತೆ ಅಂತ ಇಷ್ಟು ವರ್ಷ ಯಾಕಲೇ ಹೇಳ್ಲಿಲ್ಲ? ಹಿತ್ತಲ ಗೋಡೆ ಹಂಗೇ ಐತೆ, ನಡಿ!"

ಪಾಪ, ನನ್ನವರು ಇನ್ನೂ ಸಾರಿಸುತ್ತಿದ್ದಾರೆ. ಮದುವೆಯಾಗದವರೇ, ಹುಡುಗನನ್ನು ಒಪ್ಪುವ ಮುಂಚೆ ಜಾತಕದ ಜೊತೆಗೆ ಅಂಗೈಯ ಅಗಲವನ್ನೂ ನೋಡಿಕೊಳ್ಳಿ.