ಹನ್ನೊಂದು ಕಾರ್ನಿವಲ್ ಕಂಡ ಗಾಡಿ

ಎಲ್ ಆಲ್ತೊದ ಸಂತೆಯಲ್ಲಿ ಹಳೇ ಕಾರು ಮಾರುವವರು ಎವರಿಸ್ತೊ ಲಿಮಾಚಿಗೆ ಇಟ್ಟ ಹೆಸರು ‘ದೋನ್ ಬೇಡ’, ಅಂದರೆ ‘ಬೇಡ’ ಸಾಹೇಬರು. ಗುರುವಾರ, ಭಾನುವಾರ ಹೊತ್ತು ಮೂಡುವ ಮುಂಚೆಯೇ ಅವನು ಕಂದು ಟೋಪಿ ಇಟ್ಟುಕೊಂಡು, ಯಾರೋ ಒಬ್ಬ ಗಿರಾಕಿಯನ್ನು ಹಿಂದೆ ಹಾಕಿಕೊಂಡು ಕಾರುಗಳ ಸಾಲಿನ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಮಾರುವವರಿಗೆ ಕೈಯಲ್ಲಿದ್ದ ಜೋಳದ ಬಿಸಿ ಪಾನಕ ಆಪಿ ಸಪ್ಪೆಯಾಗುತ್ತಿತ್ತು. ಕೊಳ್ಳುವವರ ಪರವಾಗಿ ಕಾರು ನೋಡಿಕೊಡುವುದು ಅವನ ಕಸುಬು. ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಸೊಂಟ ಕೈಕೊಟ್ಟ ಮೇಲೆ ಕಣ್ಣಿನಲ್ಲೇ ದುಡಿಯುತ್ತೇನೆಂದು ಹೊರಟಿದ್ದ.

ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಮೊದಲು ಮಗುವಿನ ಹಣೆ ಮುಟ್ಟಿದ ಹಾಗೆ ಬಾನೆಟ್ ಮೇಲೆ ಅಂಗೈ ಇಡುತ್ತಿದ್ದ. ಬಿಸಿಯಿದ್ದರೆ ಅಲ್ಲಿಗೇ ಮುಗಿಯಿತು. ಆ ಎತ್ತರದ ಊರಿನ ಚಳಿಗೆ ಕೆಟ್ಟ ಎಂಜಿನ್ ಬೆಳಿಗ್ಗೆ ಏಳುವುದಿಲ್ಲ, ಅದನ್ನು ಮುಚ್ಚಿಡಲು ಮಾರುವವನು ಆಗಲೇ ಒಮ್ಮೆ ಓಡಿಸಿ ತಂದಿದ್ದಾನೆ ಎಂದೇ ಅರ್ಥ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹೊರಗೆ ಬರುತ್ತಿತ್ತು. ಅದು ಬಾಗಿಲಿಗೆ ಅಂಟದೆ ಜಾರಿದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಆಮೇಲೆ ಹೆಂಡತಿ ತೊರಿಬಿಯಾ ನೂತುಕೊಟ್ಟ ಕೆಂಪು ಉಣ್ಣೆಯ ದಾರ. ಅದನ್ನು ನಾಲ್ಕೂ ಟೈರಿಗೆ ಒಂದೊಂದಾಗಿ ಸುತ್ತಿ ಅಳೆಯುತ್ತಿದ್ದ. ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಗಾಡಿಯಲ್ಲಿ ಒಂದು ಟೈರು ಸವೆದು ಇನ್ನೊಂದು ಹೊಸದಾಗಿದ್ದರೆ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಇರುವ ಗೇರು ಹಗಲೂ ರಾತ್ರಿ ಜಗಳವಾಡಿ ಸಾಯುತ್ತದೆ ಎನ್ನುತ್ತಿದ್ದ. ಸತ್ತಿದೆಯೋ ಇಲ್ಲವೋ ತಿಳಿಯಲು ಡಾಂಬರಿನ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಒಂದು ಸುತ್ತು ಹಾಕಿಸುತ್ತಿದ್ದ. ಗಾಡಿ ಕುಂಟುತ್ತಾ ತಡವರಿಸಿದರೆ, ‘ಬೇಡ’.

ಎಲ್ಲದರ ಕೊನೆಗೆ ಅವನದೇ ಒಂದು ಪರೀಕ್ಷೆ ಇತ್ತು. ಎಲ್ ಆಲ್ತೊದಲ್ಲಿ ಕಾರ್ನಿವಲ್ ಮಂಗಳವಾರ ಕಾರಿಗೆ ಹೂಮಾಲೆ ಹಾಕಿ, ಬಿಯರ್ ಸುರಿದು, ಬಣ್ಣಬಣ್ಣದ ಕಾಗದದ ಚೂರು ಎರಚಿ ಹರಸದೆ ಯಾರೂ ಬಿಡುವುದಿಲ್ಲ. ಎಷ್ಟು ತೊಳೆದರೂ ವೈಪರ್ ಕೆಳಗಿನ ಸಂದಿಯಲ್ಲಿ ಆ ಚೂರುಗಳು ಬಿಯರು, ಧೂಳಿನ ಜೊತೆ ಅಂಟಿಕೊಂಡು ಉಳಿಯುತ್ತವೆ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ಪದರ. ಎವರಿಸ್ತೊ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಆ ಗಟ್ಟಿಯನ್ನು ಕಿತ್ತು, ಅಡ್ಡಕ್ಕೆ ಮುರಿದು, ಕನ್ನಡಕ ಏರಿಸಿ ಪದರ ಎಣಿಸುತ್ತಿದ್ದ. ಎರಡೇ ವರ್ಷ ಓಡಿದ ಗಾಡಿ ಎಂದು ಎದೆ ತಟ್ಟಿಕೊಂಡವನ ಮುಂದೆ ಎಂಟು ಪದರ ಹಿಡಿದು ತೋರಿಸಿದರೆ ಅವನು ಮೀಟರನ್ನು ಹಿಂದಕ್ಕೆ ತಿರುಗಿಸಿದ್ದು ಬಯಲಾಗುತ್ತಿತ್ತು. ಸಂದಿಯನ್ನು ಉಜ್ಜಿ ಉಜ್ಜಿ ತೊಳೆದು ಒಂದು ಚೂರೂ ಇಲ್ಲದಂತೆ ಮಾಡಿದ್ದವನ ಗತಿ ಇನ್ನೂ ಕೆಟ್ಟದ್ದು. ಹರಸಿಕೊಳ್ಳದ ಕಾರನ್ನು ಈ ಊರಲ್ಲಿ ಯಾರೂ ನಂಬುವುದಿಲ್ಲ.

ಆದರೂ ಮೊದಲೆಲ್ಲ ಹತ್ತರಲ್ಲಿ ಒಂದಕ್ಕಾದರೂ ಅವನು “ಪರವಾಗಿಲ್ಲ” ಅನ್ನುತ್ತಿದ್ದ. ಅವನ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಅದು. ಒಂದು ವರ್ಷದಿಂದ ಆ ಮಾತೂ ನಿಂತುಹೋಗಿತ್ತು. ಗಿರಾಕಿಗಳು ಕಡಿಮೆಯಾದರು. ಬೇಡ ಎನ್ನಿಸಿಕೊಳ್ಳಲು ಯಾರು ತಾನೇ ಕಾಸು ಕೊಟ್ಟು ಕರೆದೊಯ್ಯುತ್ತಾರೆ?

ಅದಕ್ಕೆ ಕಾರಣ ಹೋದ ವರ್ಷದ ಸಂತರ ಹಬ್ಬ. ತೊರಿಬಿಯಾಳ ತಾಯಿ ತೀರಿಕೊಂಡಿದ್ದು ಅದಕ್ಕೂ ಹಿಂದಿನ ವರ್ಷ, ಗುಡ್ಡದಾಚೆಯ ಕಾರ್ವಪಂಪ ಎಂಬ ಹಳ್ಳಿಯಲ್ಲಿ. ಸತ್ತವರು ಮೂರು ವರ್ಷ, ನವೆಂಬರ್ ಒಂದರ ನಡುಹಗಲು ಹನ್ನೆರಡಕ್ಕೆ ಸರಿಯಾಗಿ, ಗಾಳಿಯಾಗಿಯೋ ನೊಣವಾಗಿಯೋ, ತಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅಷ್ಟರೊಳಗೆ ಮೇಜಿನ ಮೇಲೆ ಕರಿಬಟ್ಟೆ ಹಾಸಿ, ಸತ್ತವರ ಮುಖ ಮೂಡಿಸಿದ ರೊಟ್ಟಿಗಳು, ಕಬ್ಬು, ಅವರಿಗೆ ಇಷ್ಟವಾದ ತಿನಿಸು ಎಲ್ಲ ಇಟ್ಟಿರಬೇಕು. ಮೊದಲ ವರ್ಷ ತೊರಿಬಿಯಾ ಹೆದ್ದಾರಿಯಲ್ಲಿ ಬಸ್ಸಿಳಿದು, ಗಂಟು ಹೊತ್ತು, ಮೂರು ತಾಸು ನಡೆದು ಹೋಗಿದ್ದಳು. ಎರಡನೇ ವರ್ಷಕ್ಕೆ ಮಂಡಿ ಹೋಗಿತ್ತು. ಹಾಗಾಗಿ ಬೀಗನೊಬ್ಬನ ಲಾರಿ ಗೊತ್ತುಮಾಡಿದರು. ನೋಡಿಕೊಡುವ ಕೆಲಸ ಎವರಿಸ್ತೊನದೇ. ಎಂಜಿನ್ ನೋಡಿದ, ಬ್ರೇಕ್ ನೋಡಿದ. ಮುಂದಿನ ಚಕ್ರಕ್ಕೂ ಎಳೆತ ಹೋಗುತ್ತದಾ ಎಂದು ಕೇಳಿದಾಗ ಬೀಗ ಹೋಗುತ್ತದೆ ಎಂದ. ಸೊಂಟ ನೋಯುತ್ತಿತ್ತು, ಹೇಳುತ್ತಿರುವವನು ಬೀಗ. ಕೆಳಗೆ ತೂರಿ ನೋಡದೆ “ಪರವಾಗಿಲ್ಲ” ಎಂದುಬಿಟ್ಟ. ಲಾರಿ ದಾರಿಯಲ್ಲಿ ಸಿಗುವ ಹೊಳೆಯ ನಡುವೆ ಹಿಂದಿನ ಚಕ್ರ ತಿರುಗಿಸುತ್ತಾ ಕೂತಿತು, ಮುಂದಿನ ಚಕ್ರಗಳು ಅಲ್ಲಾಡಲಿಲ್ಲ. ಅವರು ಹಳ್ಳಿ ತಲುಪಿದ್ದು ಸಂಜೆ ನಾಲ್ಕಕ್ಕೆ. ಬರಿ ಮೇಜು ನೋಡಿ ಮುದುಕಿ ಹಸಿದ ಹೊಟ್ಟೆಯಲ್ಲೇ ಹಿಂದಿರುಗಿದ್ದಳು.

ತೊರಿಬಿಯಾ ಅವತ್ತು ಬಾಗಿಲಲ್ಲೇ ಕೂತು ಅತ್ತಳು. ಗಂಡನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಈ ವರ್ಷ ಸೆಪ್ಟೆಂಬರಿನಲ್ಲಿ, ಆಲೂಗಡ್ಡೆ ಸುಲಿಯುತ್ತಾ ಅವಳು ವಿಷಯ ತೆಗೆದಳು.

“ಮುದುಕಾ, ಇದು ಮೂರನೇ ವರ್ಷ. ಇದಾದ ಮೇಲೆ ಅಮ್ಮ ಬರಲ್ಲ. ಯಾರ್ದೋ ಗಾಡಿ ನಂಬ್ಕೊಂಡು ನಾನು ಹೋಗಲ್ಲ. ನಮ್ದೇ ಒಂದು ತಗೋ.”

ಬೇರೆಯವರಿಗೆ ಮುನ್ನೂರು ಕಾರು ನೋಡಿಕೊಟ್ಟವನ ಮನೆಯ ಮುಂದೆ ಅದುವರೆಗೆ ಒಂದು ಸೈಕಲ್ಲೂ ನಿಂತಿರಲಿಲ್ಲ. ಎಂಥದು ಬೇಕೆಂದು ಇಬ್ಬರಿಗೂ ಗೊತ್ತಿತ್ತು. ಹೊಳೆ ದಾಟಲು ನಾಲ್ಕೂ ಚಕ್ರಕ್ಕೆ ಎಳೆತ ಬೇಕು, ರೊಟ್ಟಿ ಬುಟ್ಟಿ, ಕಬ್ಬಿನ ಜಲ್ಲೆ ಹಿಡಿಸಲು ಹಿಂದೆ ಉದ್ದನೆಯ ಡಿಕ್ಕಿ ಬೇಕು, ಮಂಡಿ ನೋವಿನವಳು ಹತ್ತಿಳಿಯಲು ಜೀಪಿನಷ್ಟು ಎತ್ತರ ಇರಬಾರದು. ಅಂದರೆ ಜಪಾನಿನಿಂದ ಬಂದ ಹಳೇ ವ್ಯಾಗನ್. ಸಂತೆಯಲ್ಲಿ ಅಂಥವು ಸಾಲುಗಟ್ಟಿ ನಿಂತಿರುತ್ತವೆ.

ಏಳು ವಾರ ಕಳೆಯಿತು. ಒಂದರ ನೆಲಹಾಸು ಎತ್ತಿ ಮೂಸಿ, ಉಪ್ಪು ಬಯಲಿನ ನೀರು ಕುಡಿದದ್ದು, ಒಳಗೆಲ್ಲ ತುಕ್ಕು ಎಂದ. ಒಂದು ಬಲಗಡೆ ಸ್ಟೇರಿಂಗ್‌ನದು. ಅದನ್ನು ಇಲ್ಲಿನ ರಸ್ತೆಗೆ ತಕ್ಕಂತೆ ಎಡಕ್ಕೆ ಬದಲಾಯಿಸಿದವನ ವೆಲ್ಡಿಂಗ್ ನೋಡಿದರೆ ನಿದ್ದೆಗಣ್ಣಲ್ಲಿ ಮಾಡಿದಂತಿದೆ ಎಂದ. ಇನ್ನೊಂದರ ಆಯಿಲ್ ಮುಚ್ಚಳದೊಳಗೆ ಹಾಲು ಕಾಫಿಯಂಥ ನೊರೆ, ಅಂದರೆ ಎಂಜಿನ್ನಿಗೆ ನೀರು ಇಳಿದಿದೆ. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಏನೂ ಸಿಗದಿದ್ದ ಒಂದು ಕಾರಿಗೆ ಹಾರನ್ ಸದ್ದು ಸಣ್ಣದಾಯಿತು ಎಂದಾಗ ತೊರಿಬಿಯಾಗೆ ಇದು ಕಾರಿನ ಕಾಯಿಲೆಯಲ್ಲ ಎಂದು ಗೊತ್ತಾಯಿತು. ಅಕ್ಟೋಬರಿನ ಕೊನೆಯ ಭಾನುವಾರ ಅವಳೂ ಒಂದರ ಮೇಲೊಂದು ತೊಟ್ಟ ಐದು ಲಂಗದ ಮೇಲೆ ಶಾಲು ಹೊದ್ದು, ಕೂರಲು ಒಂದು ಮಣೆ ಹಿಡಿದುಕೊಂಡು ಸಂತೆಗೆ ಹೊರಟಳು. ಅವನು ಬೇಡ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಸಾಲಿನ ಕೊನೆಯಲ್ಲಿ ಒಂದು ಹಸಿರು ವ್ಯಾಗನ್ ನಿಂತಿತ್ತು. ಪಕ್ಕದಲ್ಲಿ ದಪ್ಪ ಕನ್ನಡಕದ ಒಬ್ಬ ನಿವೃತ್ತ ಮೇಷ್ಟ್ರು, ದೋನ್ ಸೆನೋನ್. ಕಣ್ಣಿಗೆ ಪೊರೆ ಬಂದಿದೆ, ಇನ್ನು ಓಡಿಸಬೇಡ ಎಂದು ಡಾಕ್ಟರು ಹೇಳಿದ್ದರಿಂದ ಮಾರುತ್ತಿದ್ದರು. ಎದುರಿಗೆ ಬಂದಿರುವವನು ದೋನ್ ಬೇಡ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಕೇಳುವ ಮೊದಲೇ ತಾವಾಗಿಯೇ, ಎಡಗಡೆ ಹಿಂಬಾಗಿಲಿಗೆ ಒಮ್ಮೆ ಕತ್ತೆ ಒದ್ದಿತ್ತು, ಅಲ್ಲಿ ಟಿಂಕರಿಂಗ್ ಆಗಿದೆ, ಸೈಲೆನ್ಸರ್ ಹಳೆಯದು, ಹಿಂದಿನ ಒಂದು ಗಾಜು ಇಳಿಯುವುದಿಲ್ಲ ಎಂದು ಪಾಠ ಒಪ್ಪಿಸುವಂತೆ ಹೇಳಿದರು.

ಎವರಿಸ್ತೊಗೆ ಇದು ಹೊಸ ಅನುಭವ. ಮುಖ ಗಂಟಿಕ್ಕಿಕೊಂಡೇ ಬಾನೆಟ್ ಮುಟ್ಟಿದ, ಮಂಜುಗಡ್ಡೆಯಂತಿತ್ತು. ಚಾವಿ ತಿರುಗಿಸಿದ. ಗಾಡಿ ಎರಡು ಸಲ ಕೆಮ್ಮಿ ಎದ್ದಿತು. ಕೆಂಪು ದಾರ ನಾಲ್ಕೂ ಟೈರಿಗೂ ಒಂದೇ ಗಂಟಿಗೆ ಬಂದು ನಿಂತಿತು. ಡಾಂಬರಿನ ಮೇಲೆ ಸುತ್ತು ಹಾಕಿದಾಗ ಒಂದಿಷ್ಟೂ ತಡವರಿಸಲಿಲ್ಲ. ಆಮೇಲೆ ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಗಾಡಿಯ ಕೆಳಗೆ ತೂರಿದ. ಹೋದ ವರ್ಷದಿಂದ ಯಾವ ಗಾಡಿಯನ್ನೂ ಹೀಗೆ ನೋಡದೆ ಬಿಟ್ಟಿರಲಿಲ್ಲ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಕಂಬಿ ಹಿಡಿದು ಅಲ್ಲಾಡಿಸಿದ, ಜಾಯಿಂಟುಗಳು ಬಿಗಿಯಾಗಿದ್ದವು. ರಬ್ಬರು ಹರಿದಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಎದ್ದು ಬಂದು, ಇನ್ನು ಉಳಿದಿದ್ದು ಅದೊಂದೇ ಎಂಬಂತೆ ಸ್ಕ್ರೂಡ್ರೈವರ್ ತೆಗೆದು ವೈಪರ್ ಸಂದಿಗೆ ಹಾಕಿದ.

ಗಟ್ಟಿ ಮುರಿದು ಎಣಿಸಿದ. ಹಳದಿ, ಗುಲಾಬಿ, ಮಾಸಿದ ನೀಲಿ. ಹನ್ನೊಂದು.

“ಗಾಡಿ ನಿಮ್ಮ ಹತ್ರ ಎಷ್ಟು ವರ್ಷದಿಂದ ಇದೆ, ಮೇಷ್ಟ್ರೇ?”

“ಹನ್ನೆರಡು ಕಾರ್ನಿವಲ್ ಆಯ್ತು.”

“ಇಲ್ಲಿ ಹನ್ನೊಂದೇ ಇದೆ.” ಕೊನೆಗೂ ಒಂದು ಸುಳ್ಳು ಸಿಕ್ಕಿತೆಂದು ಎವರಿಸ್ತೊನ ದನಿಗೆ ಜೀವ ಬಂದಿತ್ತು.

ಮೇಷ್ಟ್ರು ಆ ಗಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರಿಗೆ ಅದು ಸರಿಯಾಗಿ ಕಾಣುವಂತಿರಲಿಲ್ಲ, ಬೆರಳಲ್ಲಿ ಸವರಿ ನೋಡಿದರು.

“ಹೌದು ಮೇಸ್ತ್ರಿ. ಒಂದು ವರ್ಷ ನಮ್ಮನೆಯವಳು ಹೋದ್ಲು. ಸೂತಕದ ಮನೇಲಿ ಬಣ್ಣ ಹೇಗೆ ಎರಚೋದು? ಆ ವರ್ಷ ಬರೀ ಆಯಿಲ್ ಬದಲಾಯಿಸಿ ಸುಮ್ನಾದೆ.”

ಎವರಿಸ್ತೊ ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಟ್ಟುಕೊಂಡ. ಕಣ್ಣು ಮತ್ತೆ ಮತ್ತೆ ಕತ್ತೆ ಒದ್ದ ಬಾಗಿಲಿನ ಕಡೆಗೇ ಹೋಗುತ್ತಿತ್ತು. ಹೆಂಡತಿಯ ಹತ್ತಿರ ಬಂದು, ಬಾಗಿಲಲ್ಲಿ ಪುಟ್ಟಿ ತುಂಬಾ ಇದೆ, ಸೈಲೆನ್ಸರ್ ಇನ್ನೊಂದು ವರ್ಷ ಬಂದರೆ ಹೆಚ್ಚು, ಗುರುವಾರ ಇನ್ನೊಮ್ಮೆ ನೋಡೋಣ ಎಂದು ಗೊಣಗಿದ. ಸಂತರ ಹಬ್ಬ ಶುಕ್ರವಾರವಿತ್ತು.

ತೊರಿಬಿಯಾ ಮಣೆಯಿಂದ ಏಳಲಿಲ್ಲ. ಅವನ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಧೂಳು ಕೊಡವುತ್ತಾ ಮೆಲ್ಲಗೆ ಹೇಳಿದಳು.

“ಇಷ್ಟು ವರ್ಷ ಆ ಕಾಗದದ ಚೂರು ಹಿಡ್ಕೊಂಡು ಅವನು ಸುಳ್ಳ, ಇವನು ಸುಳ್ಳ ಅಂತಿದ್ದೆ. ಇವತ್ತು ಅದೇ ಚೂರು ಈ ಮನುಷ್ಯ ನಿಜ ಹೇಳ್ತಿದಾನೆ ಅಂತಿದೆ. ಅದನ್ನ ಕೇಳಿಸ್ಕೊಳ್ಳೋಕೆ ನಿಂಗೆ ಕಿವಿ ಇಲ್ವಾ?”

“ಬಾಗಿಲು...”

“ಬಾಗಿಲು ಹೊಳೆ ದಾಟಿಸುತ್ತಾ? ನಿಂಗೆ ಭಯ ಬಾಗಿಲಿಂದಲ್ಲ.”

ಅವನು ತಲೆ ತಗ್ಗಿಸಿದ. “ಹೋದ ಸಲ ನಾನು ಪರವಾಗಿಲ್ಲ ಅಂದೆ, ತೊರಿ. ನಿಮ್ಮಮ್ಮ ಉಪವಾಸ ಹೋದ್ಲು.”

“ಗೊತ್ತು.”

“ನೀನು ಒಂದು ಮಾತು ಬೈಲಿಲ್ಲ.”

“ಬೈದಿದ್ರೆ ಮಂಡಿ ಸರಿಹೋಗ್ತಿತ್ತಾ?” ಎಂದು ಅವಳು ಟೋಪಿಯನ್ನು ಅವನ ತಲೆಗೆ ಇಟ್ಟಳು. “ಬೀಗನ ಮಾತು ನಂಬಿದೆ, ಕೆಳಗೆ ತೂರಿ ನೋಡಲಿಲ್ಲ, ತಪ್ಪಾಯ್ತು. ಇವತ್ತು ತೂರಿದೀಯಲ್ಲ. ಏನು ಕಂಡ್ತು ಅಷ್ಟು ಹೇಳು.”

ಎವರಿಸ್ತೊ ಹಸಿರು ಗಾಡಿಯನ್ನು ನೋಡಿದ. ಹನ್ನೊಂದು ಸಲ ಒಬ್ಬರು ಇದರ ಮುಂದೆ ನಿಂತು ಇನ್ನೊಂದು ವರ್ಷ ಕಾಪಾಡು ಎಂದು ಬಿಯರ್ ಸುರಿದಿದ್ದಾರೆ, ಸುರಿಯದ ವರ್ಷವೂ ಆಯಿಲ್ ಬದಲಾಯಿಸಿದ್ದಾರೆ. ಇದಕ್ಕಿಂತ ಹೆಚ್ಚಿನದನ್ನು ಯಾವ ಗಾಡಿಯಿಂದ ಕೇಳುವುದು?

“ಪರವಾಗಿಲ್ಲ,” ಎಂದ.

ಅಕ್ಕಪಕ್ಕದ ಮಾರಾಟಗಾರರು ತಿರುಗಿ ನೋಡಿದರು. ದೋನ್ ಬೇಡನಿಗೆ ಜ್ವರ ಬಂದಿದೆಯೇನೋ ಎಂದು ಯಾರೋ ತಮಾಷೆ ಮಾಡಿದರು. ಮೇಷ್ಟ್ರು ಚಾವಿ ಕೊಡುವ ಮುಂಚೆ ಬಾನೆಟ್ ಮೇಲೆ ಒಮ್ಮೆ ಕೈ ಇಟ್ಟು, ಎರಡನೇ ಗೇರಿನಲ್ಲಿ ದಿಣ್ಣೆ ಚೆನ್ನಾಗಿ ಹತ್ತುತ್ತದೆ, ಆತುರ ಮಾಡಬೇಡಿ ಎಂದು ಹೇಳಿ ಬೇರೆ ಕಡೆ ಮುಖ ಮಾಡಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರು ಹೊರಟಾಗ ಗಾಡಿಯ ತುಂಬ ರೊಟ್ಟಿಯ ವಾಸನೆ. ಹೆದ್ದಾರಿ ಬಿಟ್ಟು ಜಲ್ಲಿ ದಾರಿಗೆ ಇಳಿದಾಗಿನಿಂದ ಎವರಿಸ್ತೊ ಉಸಿರು ಬಿಗಿಹಿಡಿದೇ ಓಡಿಸಿದ. ಹೊಳೆಯ ಅಂಚಿಗೆ ಬಂದಾಗ ಗಂಟೆ ಹತ್ತೂವರೆ. ಹಿಂದಿನ ದಿನ ಮಳೆಯಾಗಿ ನೀರು ಕಂದುಬಣ್ಣಕ್ಕೆ ತಿರುಗಿತ್ತು. ಗಾಡಿ ನಿಲ್ಲಿಸಿ, ಇನ್ನೊಮ್ಮೆ ಕೆಳಗೆ ನೋಡಿಬಿಡುತ್ತೇನೆ ಎಂದು ಬಾಗಿಲು ತೆಗೆಯಲು ಹೋದ. ತೊರಿಬಿಯಾ ಅವನ ತೋಳು ಹಿಡಿದು ಕೂರಿಸಿದಳು. ಎರಡನೇ ಗೇರು ಹಾಕಿ ಮೆಲ್ಲಗೆ ನೀರಿಗಿಳಿಸಿದ. ನಡುವೆ, ಹೋದ ವರ್ಷ ಲಾರಿ ಕೂತ ಜಾಗದಲ್ಲೇ ಹಿಂದಿನ ಚಕ್ರಗಳು ಒಮ್ಮೆ ಜಾರಿದವು. ಅಷ್ಟರಲ್ಲಿ ಮುಂದಿನವು ಕಲ್ಲು ಹಿಡಿದು ಎಳೆದವು, ಗಾಡಿ ಹಸು ಕೊರಳು ಚಾಚುವಂತೆ ಮೂತಿ ಎತ್ತಿ ದಡ ಹತ್ತಿತು. ತೊರಿಬಿಯಾ ಮುಂದಿನ ಗಾಜನ್ನು ಅಂಗೈಯಲ್ಲಿ ಒಮ್ಮೆ ಸವರಿದಳು.

ಹನ್ನೊಂದೂಮುಕ್ಕಾಲಿಗೆ ಮೇಜು ಸಿದ್ಧವಾಗಿತ್ತು. ಕರಿಬಟ್ಟೆ, ಮುಖದ ರೊಟ್ಟಿ, ಆತ್ಮ ಹತ್ತಿಳಿಯಲು ಏಣಿಯಾಕಾರದ ರೊಟ್ಟಿ, ಕಬ್ಬಿನ ಕಮಾನು, ಒಣಗಿಸಿದ ಆಲೂಗಡ್ಡೆಯ ಚುನ್ಯೊ, ಮುದುಕಿ ಬದುಕಿದ್ದಾಗ ಯಾರಿಗೂ ಕೊಡದೆ ಒಬ್ಬಳೇ ಕುಡಿಯುತ್ತಿದ್ದ ಕಿತ್ತಳೆ ಸೋಡಾ. ಹನ್ನೆರಡಾಯಿತು. ಬಾಗಿಲಿಂದ ತೆಳ್ಳಗೆ ಗಾಳಿ ಬಂದು ಮೇಣದ ಬತ್ತಿ ಬಾಗಿತು. ಒಂದು ನೊಣ ಬಂದು ಸೋಡಾ ಬಾಟಲಿಯ ಬಾಯಿಯ ಮೇಲೆ ಕೂತಿತು.

ಎವರಿಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಅತ್ತೆ,” ಎಂದ, “ಹೋದ ವರ್ಷ ಆ ಲಾರಿ ನೋಡಿದ್ದು ನಾನು. ತಪ್ಪು ನನ್ನದು.”

ತೊರಿಬಿಯಾ ಒಂದು ರೊಟ್ಟಿ ತೆಗೆದು ನೊಣದ ಹತ್ತಿರಕ್ಕೆ ಸರಿಸಿದಳು.

“ತಿನ್ನಮ್ಮ,” ಎಂದಳು, “ಈ ವರ್ಷದ ಗಾಡಿ ನೋಡಿದ್ದೂ ಇವನೇ.”